ಮನೋಚಿಕಿತ್ಸೆ ಫಲ ಕೊಡಬೇಕಾದರೆ ನೀವು ಮಾಡಬೇಕಾದದ್ದು

ಮನೋಚಿಕಿತ್ಸೆಗೆ ಹೊರಟವರು ಸಾಮಾನ್ಯವಾಗಿ ಯಾವ ಪದ್ಧತಿ ಒಳ್ಳೆಯದೆಂದು ಮೊದಲು ವಿಚಾರಿಸುತ್ತಾರೆ. ಪದ್ಧತಿ ಮುಖ್ಯವಲ್ಲವೆಂದಲ್ಲ, ಉದಾಹರಣೆಗೆ, ಬೇಡದ ಯೋಚನೆಗಳು ಮತ್ತೆ ಮತ್ತೆ ಕಾಡುವ ಗೀಳು ಕಾಯಿಲೆಗೆ (ಒಸಿಡಿ), ಭಯ ಹುಟ್ಟಿಸುವ ಸನ್ನಿವೇಶವನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸವಿಲ್ಲದೆ ಬರಿಯ ಮಾತುಕತೆ ಸಾಮಾನ್ಯವಾಗಿ ಸಾಲುವುದಿಲ್ಲ. ಆದರೆ ಪದ್ಧತಿ ಯಾವುದೇ ಇರಲಿ, ಚಿಕಿತ್ಸಕರೊಂದಿಗಿನ ಹೊಂದಾಣಿಕೆ ಗಟ್ಟಿಯಾಗಿರುವಲ್ಲಿ ಫಲವೂ ಹೆಚ್ಚೆಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಇದನ್ನು ಮೂರಾಗಿ ಬಿಡಿಸಿದರು: ಗುರಿಯ ಬಗ್ಗೆ ಒಮ್ಮತ, ಅದಕ್ಕಾಗಿ ಮಾಡುವ ಕೆಲಸದ ಬಗ್ಗೆ ಒಮ್ಮತ, ಪರಸ್ಪರ ವಿಶ್ವಾಸ.

ಮೊದಲ ಭೇಟಿಗಳಲ್ಲೇ ಗುರಿಯನ್ನು ಮಾತಿನಲ್ಲಿ ಖಚಿತಪಡಿಸಿಕೊಳ್ಳಿ. "ನೆಮ್ಮದಿ ಬೇಕು" ಎಂದರೆ ಅದು ಆಸೆಯಾಯಿತು. "ಮೇಲಧಿಕಾರಿಯ ಕರೆ ಬಂದಾಗ ಎದೆ ಹೊಡೆದುಕೊಂಡರೂ ಫೋನ್ ಎತ್ತಿ ಮಾತನಾಡಬೇಕು" ಎಂದರೆ, ಆಗಿದೆಯೋ ಇಲ್ಲವೋ ಎಂದು ಮುಂದಿನ ತಿಂಗಳು ನೀವೇ ನೋಡಿ ಹೇಳಬಹುದು.

ವಾರದ 168 ಗಂಟೆಗಳಲ್ಲಿ ಚಿಕಿತ್ಸಕರ ಮುಂದೆ ಕಳೆಯುವುದು ಸುಮಾರು ಒಂದು ಗಂಟೆ ಮಾತ್ರ. ಆದ್ದರಿಂದ ಅವರು ಕೊಟ್ಟ ಅಭ್ಯಾಸವನ್ನು ಮನೆಯಲ್ಲಿ ಮಾಡಿ. ಆಗದಿದ್ದರೆ ಏಕೆ ಆಗಲಿಲ್ಲವೆಂಬುದನ್ನು ಬರೆದುಕೊಂಡು ಹೋಗಿ, ಏಕೆಂದರೆ ಆ ಕಾರಣವೂ ಚಿಕಿತ್ಸೆಗೆ ಬೇಕಾದ ಮಾಹಿತಿಯೇ.

ಎಲ್ಲಕ್ಕಿಂತ ಕಷ್ಟವಾದದ್ದು, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಅಗತ್ಯವಾದದ್ದು, ಚಿಕಿತ್ಸೆಯ ಬಗ್ಗೆಯೇ ಚಿಕಿತ್ಸಕರೊಡನೆ ಮಾತನಾಡುವುದು. ಅನೇಕರು ಆಡಬೇಕಾದ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಕ್ಕಾಲು ಗಂಟೆ ಆಡಿ, ಏಳುವ ಹೊತ್ತಿಗೆ ಬಾಗಿಲ ಮೇಲೆ ಕೈಯಿಟ್ಟು, "ಇನ್ನೊಂದು ವಿಷಯವಿತ್ತು" ಎನ್ನುತ್ತಾರೆ. ಆ ವಿಷಯವನ್ನು ಮುಂದಿನ ಸಲ ಮೊದಲ ಐದು ನಿಮಿಷದಲ್ಲೇ ಎತ್ತಿ. ಚಿಕಿತ್ಸಕರ ಮಾತು ನೋಯಿಸಿದ್ದರೆ, ಸುಮ್ಮನೆ ತಲೆಯಾಡಿಸಿ ಮುಂದಿನ ಭೇಟಿಯನ್ನು ತಪ್ಪಿಸುವ ಬದಲು, "ಕಳೆದ ವಾರ ನೀವು ಹೇಳಿದ್ದು ನನಗೆ ನೋವುಂಟುಮಾಡಿತು" ಎಂದು ನೇರವಾಗಿ ಹೇಳಿ. ಇಬ್ಬರೂ ಕೂತು ಇಂಥ ಬಿರುಕನ್ನು ಸರಿಪಡಿಸಿಕೊಂಡಲ್ಲಿ ಚಿಕಿತ್ಸೆ ಹೆಚ್ಚು ಆಳಕ್ಕೆ ಹೋಗುತ್ತದೆ. ಒಳ್ಳೆಯ ಚಿಕಿತ್ಸಕರು ಆ ಮಾತನ್ನು ಆಕ್ಷೇಪಣೆಯೆಂದು ತಿಳಿಯುವುದಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ತಿಳಿಸಬೇಕು.

ಪ್ರಗತಿಯನ್ನು ಅಂದಾಜಿಗೆ ಬಿಡಬೇಡಿ. ಖಿನ್ನತೆಗೆ ಬಳಸುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯಲ್ಲಿ ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳಿದ್ದು, ಒಟ್ಟು ಅಂಕ 0ಯಿಂದ 27ರವರೆಗೆ ಇರುತ್ತದೆ. ಆಗಾಗ ತುಂಬಿ ಹಿಂದಿನದರೊಡನೆ ಹೋಲಿಸಿದರೆ ಏರಿಳಿತ ಕಣ್ಣಿಗೆ ಕಾಣುತ್ತದೆ. ಹಲವು ವಾರ ಕಳೆದರೂ ಬದಲಾವಣೆಯಿಲ್ಲದಿದ್ದರೆ ಗುರಿ, ವಿಧಾನ, ಔಷಧದ ಅಗತ್ಯ ಇವುಗಳನ್ನು ಮತ್ತೆ ಚರ್ಚಿಸಿ. ಆಮೇಲೂ ಹೊಂದಿಕೆಯಾಗದಿದ್ದರೆ ಬೇರೆಯವರಲ್ಲಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಹೊಸಬರಿಗೆ ಈವರೆಗೆ ಏನೇನು ಮಾಡಿದಿರಿ, ಎಲ್ಲಿ ನಿಂತಿತು ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಿ.