ಕಾವಲಿನ ಮಣ್ಣು ಬಿಡುವ ಗಾಳಿ ಅಳೆದದ್ದು: ನನ್ನ ಅನುಭವ

ಕಡೂರು ಕಡೆಯ ಕಾವಲುಗಳಲ್ಲಿ, ಅಂದರೆ ದನ ಕುರಿ ಮೇಯುವ ಒಣ ಹುಲ್ಲುಗಾವಲುಗಳಲ್ಲಿ, ಮಣ್ಣಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವುದು ನನ್ನ ಕೆಲಸ. ಸಾಮಾನು ಜಾಸ್ತಿ ಬೇಡ. ದಪ್ಪ ಪಿವಿಸಿ ಪೈಪಿನಿಂದ ಕೊಯ್ದ ಬಳೆ, ಅದರ ಮೇಲೆ ಬಿಗಿಯಾಗಿ ಕೂರುವ ಡಬ್ಬಿ, ಒಳಗೆ ಈ ಅನಿಲ ಅಳೆಯುವ ಒಂದು ಇನ್‌ಫ್ರಾರೆಡ್ ಸೆನ್ಸರ್, ಮಣ್ಣಿಗೆ ಚುಚ್ಚುವ ಥರ್ಮಾಮೀಟರ್.

"ಏನ್ ಸಾರ್, ನೆಲಕ್ಕೆ ಡಬ್ಬಿ ಬೋರಲು ಹಾಕಿದ್ದೀರಾ?" ಎಂದು ಕುರಿ ಮೇಯಿಸುವ ಅಜ್ಜ ಕೇಳಿದರು. "ನೆಲ ಎಷ್ಟು ಉಸಿರು ಬಿಡುತ್ತೆ ಅಂತ ನೋಡ್ತಿದ್ದೀನಿ ಅಜ್ಜ" ಎಂದೆ. ಮಾತು ನಿಜವೇ. ಹುಲ್ಲಿನ ಬೇರು ಉಸಿರಾಡುತ್ತದೆ. ಸತ್ತ ಬೇರು, ಸಗಣಿ ತಿಂದು ಬದುಕುವ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420 ಪಾಲಿನ ಆಸುಪಾಸು. ಮಣ್ಣಿನ ಸಂದುಗಳಲ್ಲಿ ಸಾವಿರಗಟ್ಟಲೆ. ಜಾಸ್ತಿ ಇರುವಲ್ಲಿಂದ ಕಡಿಮೆ ಇರುವ ಕಡೆಗೆ ಅದು ತಾನಾಗಿ ಸರಿಯುತ್ತದೆ.

ಬಳೆ ಊರುವಾಗ ಬೇರು ತುಂಡಾಗುತ್ತದೆ, ಮಣ್ಣು ಕದಡುತ್ತದೆ, ಅನಿಲ ಸುಮ್ನೆ ಹೆಚ್ಚು ಬರುತ್ತದೆ. ಅದಕ್ಕೇ ಹಿಂದಿನ ದಿನವೇ ಊರಿ ಬಿಡುತ್ತೇನೆ. ಒಳಗಿನ ಹಸಿರು ಹುಲ್ಲನ್ನು ಬುಡಕ್ಕೆ ಕತ್ತರಿಸುತ್ತೇನೆ. ಇಲ್ಲದಿದ್ದರೆ ಎಲೆಯ ಉಸಿರೂ ಲೆಕ್ಕಕ್ಕೆ ಸೇರುತ್ತದೆ. ಡಬ್ಬಿ ಮುಚ್ಚುವಾಗ ಗಾಳಿಗೆ ಎದುರಾಗಿ, ಡಬ್ಬಿಯಿಂದಾಚೆಗೆ ಉಸಿರು ಹೋಗುವಂತೆ ನಿಲ್ಲಬೇಕು. ಮೊದಲ ಅರ್ಧ ನಿಮಿಷದ ಅಂಕಿ ಬಿಟ್ಟು, ನಂತರದ ಎರಡು ಮೂರು ನಿಮಿಷದ ಏರಿಕೆಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಜಾಸ್ತಿ ಹೊತ್ತು ಇಟ್ಟರೆ ಡಬ್ಬಿಯಲ್ಲೇ ಅನಿಲ ತುಂಬಿ, ಮಣ್ಣಿನಿಂದ ಬರುವ ವೇಗ ಕುಗ್ಗುತ್ತದೆ. ಏರಿಕೆಯ ವೇಗ, ಡಬ್ಬಿಯ ಗಾತ್ರ, ಬಳೆಯ ಅಗಲ, ಗಾಳಿಯ ಒತ್ತಡ, ತಾಪಮಾನ ಸೇರಿಸಿದರೆ ಲೆಕ್ಕ ಸಿಗುತ್ತದೆ.

ನಿಜವಾದ ವಿಷಯ ಇರುವುದು ಭರಣಿ ಮಳೆಯಲ್ಲಿ. ಬೇಸಿಗೆಯಲ್ಲಿ ಸೆನ್ಸರ್ ಅಂಕಿ ತೆವಳುತ್ತಿರುತ್ತದೆ. ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಅದೇ ಬಳೆಯಲ್ಲಿ ಅಂಕಿ ಕಣ್ಣೆದುರೇ ಓಡುತ್ತದೆ. ನೀರು ಸಂದಿನ ಗಾಳಿಯನ್ನು ಹೊರದೂಡುತ್ತದೆ, ಮಲಗಿದ್ದ ಸೂಕ್ಷ್ಮಜೀವಿಗಳು ಎದ್ದು ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಬರ್ಚ್ ಎಂಬ ವಿಜ್ಞಾನಿ ಇದನ್ನು 1950ರ ದಶಕದಲ್ಲೇ ವಿವರಿಸಿದ್ದರು. ಈಗಲೂ ಇದಕ್ಕೆ ಅವರದೇ ಹೆಸರು. ಆದರೆ ಮಳೆ ಹಿಡಿದು ಹೊಡೆದು ನೆಲ ನೆಂದು ತುಂಬಿದರೆ ಅಂಕಿ ಮತ್ತೆ ಇಳಿಯುತ್ತದೆ. ಗಾಳಿಗಿಂತ ನೀರಿನಲ್ಲಿ ಈ ಅನಿಲ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ, ದಾರಿಯೇ ಮುಚ್ಚಿದಂತೆ ಅಲ್ವಾ?

ಹಾಗಾಗಿ ತಿಂಗಳಿಗೊಮ್ಮೆ ಹೋಗಿ ಅಳೆಯುವುದು ಇಂಥ ಒಣ ಹುಲ್ಲುಗಾವಲಿಗೆ ಸಾಲದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಮಳೆಯ ಉಬ್ಬರ ತಪ್ಪಿದರೆ ಇಡೀ ವರ್ಷದ ಮೊತ್ತ ಕಡಿಮೆ ಬರುತ್ತದೆ. ಭರಣಿ ಹುಟ್ಟುವ ಮೊದಲೇ ಬಳೆಗಳನ್ನು ಊರಿಟ್ಟು, ಮೋಡ ಕಟ್ಟಿದ ಸಂಜೆ ಡಬ್ಬಿ ಹಿಡಿದು ಹೊರಡುತ್ತೇನೆ.