ಪೇಜ್‌ಮೇಕರ್‌ನ ಹಳೇ ಕಡತ ತೆರೆಯುವುದು ಹೇಗೆ?

ದೇವಸ್ಥಾನದ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ ಎಲ್ಲವೂ ಒಂದು ಕಾಲಕ್ಕೆ ಶಿರಸಿ, ಕುಮಟಾ, ಕಾರವಾರದ ಪ್ರೆಸ್ಸುಗಳಲ್ಲಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲೇ ತಯಾರಾಗುತ್ತಿದ್ದವು. 2001ರ 7.0 ಅದರ ಕೊನೆಯ ಆವೃತ್ತಿ. ಮರುಮುದ್ರಣಕ್ಕೆಂದು ಈಗ ಆ ಕಡತ ಬೇಕಾದರೆ ಹೀಗೆ ಮಾಡಿ.

ಮೊದಲು ಆ ಕಡತವಿರುವ ಫ್ಲಾಪಿ ಡಿಸ್ಕ್ ನೋಡಿಕೊಳ್ಳಿ. ನಮ್ಮ ಮಳೆಗಾಲಕ್ಕೆ ಫ್ಲಾಪಿಯ ಒಳಗೂ ಬೂಷ್ಟು ಹಿಡಿದಿರುತ್ತದೆ. ಲೋಹದ ಮುಚ್ಚಳ ಸರಿಸಿದಾಗ ಬಿಳಿ ಚುಕ್ಕೆ ಕಂಡರೆ ಡ್ರೈವಿಗೆ ಹಾಕಲೇಬೇಡಿ. ಬೂಷ್ಟು ಡ್ರೈವಿನ ಓದುವ ಹೆಡ್ಡಿಗೆ ಮೆತ್ತಿಕೊಂಡರೆ ಮುಂದೆ ಹಾಕುವ ಒಳ್ಳೆಯ ಫ್ಲಾಪಿಯೂ ಕೆಡುತ್ತದೆ. ಸರಿಯಿದ್ದರೆ ಮೂಲೆಯ ಗುಂಡಿ ಸರಿಸಿ ಕಿಂಡಿ ತೆರೆದಿಡಿ. ಆಗ ಅದರಲ್ಲಿರುವುದನ್ನು ಅಪ್ಪಿತಪ್ಪಿಯೂ ಅಳಿಸಲಾಗದು. ಬರೀ ಪೇಜ್‌ಮೇಕರ್ ಕಡತವಲ್ಲ, ಜೊತೆಗಿರುವ ಟಿಫ್ ಚಿತ್ರಗಳನ್ನೂ ಫಾಂಟುಗಳನ್ನೂ ಇಳಿಸಿಕೊಳ್ಳಿ. ದೊಡ್ಡ ಚಿತ್ರಗಳು ಸಾಮಾನ್ಯವಾಗಿ ಕಡತದೊಳಗೆ ಇರುವುದಿಲ್ಲ, ಅವುಗಳ ಕೊಂಡಿ ಮಾತ್ರ ಇರುತ್ತದೆ. ಚಿತ್ರ ಕಳೆದರೆ ಅಚ್ಚಿನಲ್ಲಿ ಮಸುಕು ನಕಲಷ್ಟೇ ಬರುತ್ತದೆ.

ಹೆಸರಿನ ಕೊನೆಯಲ್ಲಿ ಪಿಎಂಡಿ ಎಂದಿದ್ದರೆ ಅದು 7.0, ಪಿ65 ಎಂದಿದ್ದರೆ 6.5. ಇವೆರಡನ್ನೂ ಅಡೋಬಿ ಕಂಪನಿಯ ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನ ಸಿಎಸ್6 ಆವೃತ್ತಿ ನೇರವಾಗಿ ತೆರೆಯುತ್ತದೆ. ಅದಾದ ಮೇಲೆ ಬಂದ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ, ಹೊಸದು ಕೊಂಡವರೇ ಇಲ್ಲಿ ಬೇಸ್ತು ಬೀಳುವುದು. ಪಿಎಂ5ರಂಥ ಇನ್ನೂ ಹಳೆಯದನ್ನು ಮೊದಲು ಪೇಜ್‌ಮೇಕರ್ 6.5ರಲ್ಲಿ ತೆರೆದು ಉಳಿಸಿಕೊಳ್ಳಬೇಕು. ದುಡ್ಡು ಹಾಕುವ ಮನಸ್ಸಿಲ್ಲದಿದ್ದರೆ ಲಿಬ್ರೆಆಫೀಸ್ ಡ್ರಾ ಇದೆ. ಅದರಲ್ಲಿ ಪುಟವಿನ್ಯಾಸ ಅಷ್ಟಿಷ್ಟು ಕೆಟ್ಟರೂ ಅಕ್ಷರ ಸಿಗುತ್ತದೆ.

ಕಡತ ತೆರೆಯುವ ಮೊದಲೇ ಹಳೇ ಫಾಂಟುಗಳನ್ನು ಕಂಪ್ಯೂಟರಿಗೆ ಸೇರಿಸಿ. ಟೈಪ್ 1 ಎಂಬ ಹಳೇ ಬಗೆಯ ಫಾಂಟಾಗಿದ್ದರೆ ಇನ್‌ಡಿಸೈನ್‌ನ ಹಳೇ ಆವೃತ್ತಿಯಲ್ಲೇ ಕೆಲಸ ಮುಗಿಸಿ. 2023ರಿಂದೀಚೆಗೆ ಅಡೋಬಿ ಅವನ್ನು ಕೈಬಿಟ್ಟಿದೆ.

ಪುಟ ಸರಿಯಾಗಿ ಕಂಡ ಕೂಡಲೇ ಫಾಂಟು ಸೇರಿಸಿ ಒಂದು ಪಿಡಿಎಫ್ ಮಾಡಿಟ್ಟುಕೊಳ್ಳಿ. ಇದ್ದದ್ದು ಇದ್ದ ಹಾಗೇ ಅಚ್ಚು ಹಾಕಲು ಅಷ್ಟು ಸಾಕು. ತಿದ್ದಬೇಕು, ಹುಡುಕಬೇಕು ಎಂದರೆ ಎಲ್ಲ ಕಂಪ್ಯೂಟರುಗಳಿಗೂ ತಿಳಿಯುವ ಅಕ್ಷರಸಂಕೇತವಾದ ಯುನಿಕೋಡಿಗೆ ತರಲೇಬೇಕು, ಕಷ್ಟ ಇರುವುದೂ ಅಲ್ಲೇ. ಆ ಕಡತದಲ್ಲಿ ನಿಜವಾಗಿ ಇರುವುದು ಇಂಗ್ಲಿಷಿನ ಸಂಕೇತಗಳು, ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ‘ಕನ್ನಡ’ ಎಂಬ ಪದವನ್ನು ನೋಟ್‌ಪ್ಯಾಡಿಗೆ ಅಂಟಿಸಿ. ಮೊದಲಿಗೆ ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಓರೆಗೆರೆಯಿರುವ ‘ಎ’ ಕಂಡರೆ ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶದ ಫಾಂಟು. ಇಂಥದ್ದೇ ಇನ್ನೊಂದು ತಂತ್ರಾಂಶ ಶ್ರೀಲಿಪಿಯ ಸಂಕೇತ ಬೇರೆ, ಅದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕವೂ ಬೇರೆ.

ಪಠ್ಯವನ್ನು ಆರ್‌ಟಿಎಫ್ ಎಂಬ ಬಗೆಯ ಕಡತವಾಗಿಯೇ ಹೊರತೆಗೆಯಿರಿ. ಬರೀ ಟೆಕ್ಸ್ಟ್ ಮಾಡಿದರೆ ಫಾಂಟಿನ ಹೆಸರು ಹೋಗುತ್ತದೆ. ಆಮೇಲೆ ಯಾವುದು ಇಂಗ್ಲಿಷು, ಯಾವುದು ಕನ್ನಡ ಎಂದು ಪರಿವರ್ತಕಕ್ಕೆ ತಿಳಿಯದೆ ಜಾಹೀರಾತಿನ ಇಂಗ್ಲಿಷ್ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಇಂಗ್ಲಿಷ್ ಫಾಂಟಿನ ಭಾಗಗಳನ್ನು ಮೊದಲೇ ಬೇರೆ ಮಾಡಿಕೊಂಡು, ಉಳಿದದ್ದನ್ನಷ್ಟೇ ಪರಿವರ್ತಿಸಿ.

ತಿದ್ದುವಾಗ ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವೊತ್ತು. ‘ವರ್ಷ’ ಹಳೇ ಫಾಂಟಿನಲ್ಲಿ ವ, ಷ, ಕೊನೆಗೆ ಅರ್ಕಾವೊತ್ತು ಎಂಬ ಕ್ರಮದಲ್ಲಿರುತ್ತದೆ. ಯುನಿಕೋಡಿನಲ್ಲಿ ಷಕಾರಕ್ಕೆ ಮೊದಲೇ ‘ರ್’ ಬರಬೇಕು. ಶರ್ಮ, ಗೋಕರ್ಣದಂಥ ಹೆಸರುಗಳು ಕೆಡುವುದು ಇಲ್ಲಿಯೇ. ಇನ್ನೊಂದು, ‘ರಾಜ್‌ಕುಮಾರ್’ ಎಂದಿದ್ದದ್ದು ‘ರಾಜ್ಕುಮಾರ್’ ಆಗುವುದು. ಜ್ ಆದ ಮೇಲೆ ಕಣ್ಣಿಗೆ ಕಾಣದ ಬಿಡಿಸುವ ಸಂಕೇತ (ZWNJ) ಸೇರಿಸಿದರೆ ಒತ್ತು ಬಿಡುತ್ತದೆ. ದಾನಿಗಳ ಪಟ್ಟಿಯನ್ನಂತೂ ಹಳೇ ಅಚ್ಚಿನ ಪ್ರತಿ ಪಕ್ಕದಲ್ಲಿಟ್ಟುಕೊಂಡು, ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ.