ಕಂದು ಉಪ್ಪರಿಗೆ ಮನೆಗೆ ಸುಣ್ಣ-ಕಾರಣೆಯ ಲೆಕ್ಕ

ನನ್ನ ತಮ್ಮನ ಮಗಳು ಕುಂದಾಪುರದ ಹತ್ತಿರ ಉಪ್ಪರಿಗೆ ಮನೆ ಕಟ್ಟಿಸಿದಳು. ಒಳಗೆಲ್ಲ ಅಚ್ಚುಕಟ್ಟು. ಹೊರಗೆ ಮಾತ್ರ ಬುಡದ ಪಂಚಾಂಗದಿಂದ (ಅಡಿಗಟ್ಟಿನಿಂದ) ತಾರಸಿಯ ಪ್ಯಾರಪೆಟ್‌ವರೆಗೆ ಒಂದೇ ಗಾಢ ಕಂದು. ಗೃಹಪ್ರವೇಶದ ಊಟ ಮುಗಿಸಿ ಅಂಗಳದಲ್ಲಿ ನಿಂತಿದ್ದೆ. ಅವಳು ಪಕ್ಕಕ್ಕೆ ಬಂದು, “ಅತ್ತೆ, ಮನೆ ಯಾಕೋ ಗುಡ್ಡೆಯ ಹಾಗೆ ಕುಳಿತಿದೆ ಅನ್ನಿಸುತ್ತದೆ. ಬಣ್ಣವನ್ನೇ ಬದಲಿಸಿಬಿಡಲೇ?” ಎಂದು ಮೆಲ್ಲಗೆ ಕೇಳಿದಳು. ಬೇಡ ಮಗೂ, ಕಂದು ನಮ್ಮ ನೆಲಕ್ಕೆ ಒಪ್ಪುವ ಬಣ್ಣ, ಅದನ್ನು ಎಲ್ಲಿಯವರೆಗೆ ಬಳಿಯಬೇಕು ಎಂಬುದಷ್ಟೇ ತಪ್ಪಿದೆ ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂದು ಬಣ್ಣದ ಎರಡಂತಸ್ತಿನ ಮನೆ ಇರುವವರಿಗೂ, ಕಟ್ಟಿಸಲು ಹೊರಟವರಿಗೂ ಉಪಯೋಗಕ್ಕೆ ಬಂದೀತು.

ಹಳೆಯ ಮನೆಗಳಿಗೆ ಸುಣ್ಣ-ಕಾರಣೆ ಮಾಡುತ್ತಿದ್ದುದು ನೆನಪಿದೆಯಲ್ಲ? ಗೋಡೆಯ ಮೇಲೆಲ್ಲ ಸುಣ್ಣ, ಬುಡದಲ್ಲಿ ಮೊಣಕಾಲಿನ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಆ ಪಟ್ಟಿಯೇ ಕಾರಣೆ. ಅದನ್ನು ಬರಿಯ ಚಂದಕ್ಕೆ ಎಳೆಯುತ್ತಿರಲಿಲ್ಲ. ಸೂರಿನ ನೀರು ಅಂಗಳಕ್ಕೆ ಬಿದ್ದು ಕೆಸರು ಸಿಡಿಯುವುದು ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ. ಕೆಸರಿನ ಬಣ್ಣದ್ದೇ ಪಟ್ಟಿ ಇದ್ದರೆ ಮಳೆಗಾಲವಿಡೀ ಗೋಡೆ ಹೊಲಸಾಗಿ ಕಾಣುವುದಿಲ್ಲ. ಇನ್ನೊಂದು ಗುಣವೂ ಉಂಟು. ಬುಡ ಗಾಢವಾಗಿ ಮೇಲ್ಭಾಗ ತಿಳಿಯಾಗಿದ್ದರೆ ಮನೆ ನೆಲದ ಮೇಲೆ ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತದೆ. ಎರಡಂತಸ್ತಿನ ಮನೆಗೆ ನಾನು ಹೇಳುವುದು ಇದೇ ಲೆಕ್ಕವನ್ನು ದೊಡ್ಡದು ಮಾಡಿ. ಬುಡದ ಎರಡು ಅಡಿಗೆ ಅತಿ ಗಾಢ ಕಂದು, ಕೆಳ ಅಂತಸ್ತಿಗೆ ಮಧ್ಯಮ ಕಂದು, ಉಪ್ಪರಿಗೆಗೆ ಕೆನೆಹಾಲಿನ ಬಿಳಿ ಅಥವಾ ತೀರ ತಿಳಿಯಾದ ಮರಳಿನ ಬಣ್ಣ. ಎರಡು ಅಂತಸ್ತು ಕೂಡುವಲ್ಲಿ, ಸ್ಲ್ಯಾಬಿನ ಮಟ್ಟದಲ್ಲಿ, ಆರರಿಂದ ಒಂಬತ್ತು ಇಂಚಿನ ಒಂದು ಪಟ್ಟಿ ಮನೆಯ ಸುತ್ತಲೂ ಬರಲಿ. ಇಪ್ಪತ್ತು ಅಡಿಗೂ ಎತ್ತರದ ಗೋಡೆ ಕಣ್ಣಿಗೆ ಎರಡಾಗಿ ಒಡೆಯುವುದು ಈ ಪಟ್ಟಿಯಿಂದಲೇ.

ಮೇಲ್ಭಾಗ ತಿಳಿಯಾಗಿರಬೇಕು ಎನ್ನುವುದಕ್ಕೆ ಬಿಸಿಲಿನ ಕಾರಣವೂ ಇದೆ. ಗಾಢ ಬಣ್ಣ ಬಿಸಿಲನ್ನು ಹೀರಿಕೊಳ್ಳುತ್ತದೆ. ಪಡುವಣದ ಗೋಡೆ ಮಧ್ಯಾಹ್ನದಿಂದ ಸಂಜೆಯವರೆಗೆ ಕಾದು, ರಾತ್ರಿ ಆ ಬಿಸಿಯನ್ನು ಕೋಣೆಯೊಳಗೆ ಬಿಡುತ್ತದೆ. ಮಲಗುವ ಕೋಣೆಗಳು ಇರುವುದು ಸಾಮಾನ್ಯವಾಗಿ ಉಪ್ಪರಿಗೆಯಲ್ಲೇ. ಏಪ್ರಿಲ್-ಮೇ ತಿಂಗಳಲ್ಲಿ ಆ ಕೋಣೆಯಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲೂ ಕಂದೇ ಬೇಕು ಎಂದು ಮನಸ್ಸಿದ್ದರೆ ಮೂಡಣ ಮತ್ತು ಬಡಗಣ ಗೋಡೆಗೆ ಬಳಿಯಿರಿ, ಪಡುವಣಕ್ಕೆ ಬೇಡ.

ಕಂದು ಎಂದರೆ ಒಂದೇ ಬಣ್ಣವಲ್ಲ. ಅಂಗಡಿಯ ಕಾರ್ಡಿನಲ್ಲಿ ಹೆಸರು ನೋಡಿ ಆರಿಸಬೇಡಿ, ಮನೆಯಲ್ಲಿ, ಅಂಗಳದಲ್ಲಿ ದಿನವೂ ಕಾಣುವ ವಸ್ತು ನೆನೆದು ಆರಿಸಿ. ಇಟ್ಟಿಗೆ, ಹುರುಮಂಜು, ಹಂಚು ಇವೆಲ್ಲ ಕೆಂಪಿಗೆ ವಾಲುವ ಕಂದು. ಜೋನಿ ಬೆಲ್ಲ, ಒಣ ಅಡಿಕೆಯ ಸಿಪ್ಪೆ ಹಳದಿಗೆ ವಾಲುವ ಕಂದು. ಹುರಿದ ಕಾಫಿ ಬೀಜ, ಹಳೆಯ ಹುಣಸೆಹಣ್ಣು ಕಪ್ಪಿಗೆ ವಾಲುವ ಕಂದು. ಒಂದು ಮನೆಗೆ ಒಂದೇ ವಾಲಿನ ಕಂದನ್ನು ಇಟ್ಟುಕೊಳ್ಳಿ. ಕೆಂಪು ಕಂದಿನ ಗೋಡೆಗೆ ಹಳದಿ ಕಂದಿನ ಬಾಗಿಲು ಇಟ್ಟರೆ ಎರಡೂ ಕೊಳೆಯಾಗಿ ಕಾಣುತ್ತವೆ. ಕೆಂಪು ಕಂದಿಗೆ ಕೆನೆ ಬಿಳಿ ಜೋಡಿ. ಹಳದಿ ಕಂದಿಗೆ ಹಲಸಿನ ಎಲೆಯಂಥ ಗಾಢ ಹಸಿರು ಕಿಟಕಿ ಬಹಳ ಒಪ್ಪುತ್ತದೆ. ಕಪ್ಪು ಕಂದಿಗೆ ಶಿಲೆಕಲ್ಲಿನ ಬೂದು ಬಣ್ಣವೇ ಜೊತೆ. ಮೊದಲು ಮೂರು ಅಡಿ ಚೌಕದ ತುಂಡಿಗೆ ಎರಡು ಗೋಡೆಯ ಮೇಲೆ ಬಳಿಸಿ, ಬೆಳಿಗ್ಗೆ, ನಡುಮಧ್ಯಾಹ್ನ, ಸೂರ್ಯ ಇಳಿಯುವಾಗ ನೋಡಿ. ಒಣಗಿದ ಮೇಲೆ ಒಂದು ಕೊಡ ನೀರು ಹೊಯ್ದೂ ನೋಡಿ. ಕರಾವಳಿಯ ಮನೆ ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆಯಾಗಿಯೇ ಕಾಣುವ ಮನೆ. ಕಬ್ಬಿಣದ ಆಕ್ಸೈಡಿನಿಂದ ಬಂದ ಕಂದು ಬಿಸಿಲಿಗೆ ಬೇಗ ಮಾಸುವುದಿಲ್ಲ. ನಮ್ಮ ಕೆಮ್ಮಣ್ಣಿನ ಬಣ್ಣವೂ ಅದರಿಂದಲೇ ಬಂದದ್ದು. ಹಾಗಾಗಿ ಹೊರಗೋಡೆಗೆ ಆಕ್ಸೈಡಿನ ಬಣ್ಣ ಹಾಕಿದ್ದೇ ಎಂದು ಅಂಗಡಿಯಲ್ಲಿ ಕೇಳಿ ತನ್ನಿ.

ಇನ್ನು ಮಳೆ. ನಾನು ಹೆಚ್ಚು ಹೇಳಬೇಕಾದದ್ದು ಇದರ ಬಗ್ಗೆಯೇ, ಏಕೆಂದರೆ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ದಾಟುವ ಮಳೆ ಯಾವ ವಿನ್ಯಾಸಕ್ಕೂ ಕಾಯುವುದಿಲ್ಲ. ಹೊರಮೈ ಹಾಳಾಗುವುದು ಬಣ್ಣದ ದೋಷದಿಂದಲ್ಲ, ನೀರು ಗೋಡೆಯ ಮೇಲೆ ಇಳಿಯುವುದರಿಂದ. ನನ್ನ ತಾಯಿ ಪತ್ತನಾಜೆ (ಮೇ ಕೊನೆಯಲ್ಲಿ, ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆಯುತ್ತಿದ್ದಂತೆ ಪಡುವಣದ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸುತ್ತಿದ್ದರು. ಪಡುಗಾಳಿಯ ಎರಚಲು ಗೋಡೆಗೆ ತಾಗಲೇಬಾರದು ಎನ್ನುವುದು ಅವರ ಹಟ. ಆ ಗೋಡೆಯ ಸುಣ್ಣ ಇಡೀ ಮಳೆಗಾಲ ಕೈಗೆ ಹತ್ತುವಷ್ಟು ಒಣಗಿರುತ್ತಿತ್ತು. ಈಗಿನ ಮನೆಗೆ ತಟ್ಟಿ ಕಟ್ಟುವವರಿಲ್ಲ, ಆದ್ದರಿಂದ ಸೂರೇ ಮುಂದೆ ಚಾಚಬೇಕು. ಉಪ್ಪರಿಗೆಯ ಮಾಡು ಗೋಡೆಯಿಂದ ಮೂರು ಅಡಿಯಾದರೂ ಹೊರಬರಲಿ. ಆದರೆ ಮೇಲಿನ ಸೂರು ಕೆಳ ಅಂತಸ್ತಿನ ಗೋಡೆಯನ್ನು ಕಾಯುವುದಿಲ್ಲ, ಅಷ್ಟು ಎತ್ತರದಿಂದ ಬೀಳುವ ನೀರನ್ನು ಗಾಳಿ ಒಳಕ್ಕೆ ತಳ್ಳುತ್ತದೆ. ಎರಡು ಅಂತಸ್ತಿನ ನಡುವೆ ಹಂಚಿನ ಇನ್ನೊಂದು ಸಣ್ಣ ಇಳಿಮಾಡನ್ನು ಮನೆಯ ಸುತ್ತ ತನ್ನಿ. ಮಳೆಗೂ ಆಸರೆ, ಮೊದಲು ಹೇಳಿದ ಪಟ್ಟಿಯ ಕೆಲಸವನ್ನೂ ಅದೇ ಮಾಡುತ್ತದೆ, ಕಂದು ಗೋಡೆಗೆ ಹಂಚಿನ ಬಣ್ಣ ಹುಟ್ಟಿನಿಂದಲೇ ನೆಂಟು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಊರುಗಳ ಮಾಡು ಹುಲ್ಲಿನಿಂದ ಹಂಚಿಗೆ ತಿರುಗಿತು. ಈಗ ಹಳೆಯ ಮನೆ ಕೆಡವುವಲ್ಲಿ ಒಳ್ಳೆಯ ಹಂಚು ಕಡಿಮೆ ಬೆಲೆಗೆ ಸಿಗುತ್ತದೆ. ಬೆರಳಿನಿಂದ ತಟ್ಟಿದರೆ ಕಣಕಣ ಸದ್ದು ಬರುವ ಹಂಚನ್ನು ಮಾತ್ರ ಆರಿಸಿ. ಮೊಂಡು ಸದ್ದು ಬಂದರೆ ಅದರಲ್ಲಿ ಬಿರುಕಿದೆ.

ಕಿಟಕಿಯ ಸಜ್ಜಾದ ಅಡಿಭಾಗದಲ್ಲಿ, ಹೊರಗಿನ ಅಂಚಿಗೆ ಸ್ವಲ್ಪ ಹಿಂದೆ, ಕಿರುಬೆರಳು ಕೂರುವಷ್ಟು ಒಂದು ಗೀರು ಬಿಡಲು ಗಾರೆಯವರಿಗೆ ಹೇಳಿ. ಅಂಚಿನಿಂದ ಹಿಂದಕ್ಕೆ ಹರಿಯುವ ನೀರು ಆ ಗೀರಿನಲ್ಲಿ ತುಂಡಾಗಿ ಕೆಳಗೆ ಬೀಳುತ್ತದೆ. ಗೀರು ಇಲ್ಲದಿದ್ದರೆ ಗೋಡೆಯವರೆಗೂ ಬಂದು ಕಿಟಕಿಯ ಎರಡು ಮೂಲೆಯಿಂದ ಕಪ್ಪು ಗೆರೆಯಾಗಿ ಇಳಿಯುತ್ತದೆ. ತಿಳಿ ಬಣ್ಣದ ಉಪ್ಪರಿಗೆಯಲ್ಲಿ ಆ ಗೆರೆ ಕಣ್ಣೀರಿಳಿದ ಹಾಗೆ ಕಾಣುತ್ತದೆ. ಪ್ಯಾರಪೆಟ್‌ನ ತಲೆ ಹೊರಕ್ಕಲ್ಲ, ತಾರಸಿಯ ಒಳಕ್ಕೆ ವಾಲಿರಲಿ. ಮನೆಯ ಸುತ್ತ ಸೂರಿನ ನೀರು ಬೀಳುವಲ್ಲಿ ಎರಡು ಅಡಿ ಅಗಲಕ್ಕೆ ಜಲ್ಲಿ ಹರಡಿಸಿ. ಬರಿಯ ಮಣ್ಣಾದರೆ ಕೆಸರು ಸಿಡಿಯುತ್ತದೆ, ಕಾಂಕ್ರೀಟಾದರೆ ನೀರೇ ಪುಟಿಯುತ್ತದೆ, ಜಲ್ಲಿಯಲ್ಲಿ ಎರಡೂ ಇಲ್ಲ.

ಈಗ ತಾರಸಿಯ ಮೇಲೆ ತಗಡಿನ ಶೀಟು ಹಾಕಿಸುವುದು ಊರೂರಲ್ಲಿ ಕಾಣುತ್ತಿದೆ. ಸೋರುವುದಕ್ಕೆ ಅದು ಒಳ್ಳೆಯ ಉಪಾಯ, ಬಟ್ಟೆ ಒಣಗಿಸಲೂ ಜಾಗವಾಗುತ್ತದೆ. ಆದರೆ ಕಂದು ಮನೆಯ ತಲೆಯ ಮೇಲೆ ಕಣ್ಣು ಕುಕ್ಕುವ ನೀಲಿ ಶೀಟು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದೇ ದುಡ್ಡಿಗೆ ಹಂಚಿನ ಬಣ್ಣದ್ದೂ ಸಿಗುತ್ತದೆ, ಕೇಳಿ ತರಿಸಿ.

ಕೆಂಪು ಕಲ್ಲನ್ನು ಗಿಲಾವು ಮಾಡದೆ ಹಾಗೆಯೇ ಬಿಡಬಹುದೇ ಎಂದು ಹಲವರು ಕೇಳುತ್ತಾರೆ. ಬಿಡಬಹುದು, ಕಂದು ಹೊರಮೈಗೆ ಅದಕ್ಕಿಂತ ಒಳ್ಳೆಯದು ಇಲ್ಲ. ನಾವು ಮುರಕಲ್ಲು ಎನ್ನುವ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್. ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಬರಹದಲ್ಲಿ, ಅಗೆಯುವಾಗ ಕತ್ತರಿಸುವಷ್ಟು ಮೆದುವಾಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವ ಕಲ್ಲು ಎಂದು ಅವನು ವಿವರಿಸಿದ್ದಾನೆ. ನಮ್ಮ ಕಲ್ಲು ಕಡಿಯುವವರಿಗೆ ಅದು ಅವನಿಗಿಂತ ಮುಂಚೆಯೇ ತಿಳಿದಿತ್ತು. ಅದಕ್ಕೇ ಕಡಿದ ಕಲ್ಲನ್ನು ಕೂಡಲೇ ಗೋಡೆಗೆ ಇಡದೆ ಕೆಲವು ಕಾಲ ಹೊರಗೆ ಒಣಗಲು ಬಿಡುವುದು. ಬರಿಗಲ್ಲಿನ ಗೋಡೆಗೆ ಮಿರುಗುವ ವಾರ್ನಿಷ್ ಬಳಿಸುವುದು ದೊಡ್ಡ ತಪ್ಪು. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಒಂದೆರಡು ಮಳೆಗಾಲದಲ್ಲಿ ಅದು ಬಿಳಿಯಾಗಿ ಸಿಪ್ಪೆ ಏಳುತ್ತದೆ. ಕಲ್ಲಿನೊಳಗೆ ಇಳಿದು ನೀರನ್ನು ದೂರವಿಡುವ, ಹೊಳಪು ಕೊಡದ ಸಿಲಿಕೋನ್ ದ್ರವ ಸಿಗುತ್ತದೆ. ಗೋಡೆ ಪೂರ್ತಿ ಒಣಗಿದ್ದಾಗ ಅದನ್ನು ಹೊಡೆಸಿ, ಕೆಲವು ವರ್ಷಗಳಿಗೊಮ್ಮೆ ಮತ್ತೆ ಹೊಡೆಸಿ. ಇಡೀ ಮನೆ ಬರಿಗಲ್ಲು ಬೇಡವೆನ್ನಿಸಿದರೆ ಕೆಳ ಅಂತಸ್ತಿನ ಮುಂಭಾಗ ಮತ್ತು ಜಗಲಿಯ ಕಂಬಗಳು ಮಾತ್ರ ಹಾಗಿರಲಿ.

ಕಲ್ಲಿನಂತೆ ಕಾಣುವ ಟೈಲ್ಸ್ ಅಂಟಿಸುವವರಿಗೆ ಒಂದೇ ಮಾತು. ಕೆಳ ಅಂತಸ್ತಿಗೆ ಸರಿ. ಉಪ್ಪರಿಗೆಯ ಎತ್ತರದಲ್ಲಿ ಬರಿಯ ಸಿಮೆಂಟಿನಿಂದ ಭಾರದ ಕಲ್ಲು ಅಂಟಿಸಬೇಡಿ, ಕೊಕ್ಕೆ ಹಾಕಿ ಗೋಡೆಗೆ ಬಿಗಿಸಬೇಕು. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಉಪ್ಪರಿಗೆಯ ಬಾಲ್ಕನಿಗೆ ಮರದ ದಳಿ (ಕಂಬಿಸಾಲು) ಕಂದು ಮನೆಗೆ ಬಹಳ ಶೋಭೆ. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ನಮ್ಮ ಹಳೆಯ ರೂಢಿಯನ್ನು ಬಿಡಬೇಡಿ. ಗೆದ್ದಲು ಹತ್ತಿರ ಬರುವುದಿಲ್ಲ, ಮರವೂ ತಾನಾಗಿ ಕಪ್ಪು ಕಂದಿಗೆ ತಿರುಗುತ್ತದೆ. ಬಳಿಯುವಾಗ ಕೈಗೆ ತಾಗದಂತೆ ನೋಡಿಕೊಳ್ಳಿ, ಚರ್ಮ ಸುಡುತ್ತದೆ. ಕಡಲು ಹತ್ತಿರವಿದ್ದು ಸ್ಟೀಲ್ ಬೇಕೆಂದರೆ 316 ದರ್ಜೆಯದನ್ನೇ ಕೇಳಿ. ಸಾಧಾರಣವಾಗಿ ಕೊಡುವ 304 ಉಪ್ಪುಗಾಳಿಗೆ ಕಂದು ಚುಕ್ಕೆ ಕಟ್ಟುತ್ತದೆ.

ಮೇಲಿನ ಬಚ್ಚಲಿನ ಪೈಪುಗಳು ಮುಂಭಾಗಕ್ಕೆ ಬರದಂತೆ ನಕ್ಷೆಯ ಹಂತದಲ್ಲೇ ಹೇಳಿ. ಬಂದೇಬಿಟ್ಟಿದ್ದರೆ, ಹಾದುಹೋಗುವ ಗೋಡೆಯ ಬಣ್ಣವನ್ನೇ ಪೈಪಿಗೂ ಬಳಿಸಿ, ಕೆಳಗೆ ಕಂದು, ಮೇಲೆ ಕೆನೆ.

ಗಿಡಗಳ ವಿಷಯದಲ್ಲಿ ನನ್ನ ಆಯ್ಕೆ ಖಚಿತ. ಕಂದು ಗೋಡೆಯ ಮುಂದೆ ಬಿಳಿ ಹೂವು. ಕೆಂಪು ಕೇಪುಳ ನನಗೆ ಪ್ರೀತಿಯದೇ, ಆದರೆ ಕಂದಿನ ಎದುರು ಅದು ಕಳೆದುಹೋಗುತ್ತದೆ, ಪಾಗಾರದ (ಕಂಪೌಂಡು ಗೋಡೆಯ) ಬದಿಗೆ ನೆಡಿ. ಗೋಡೆಯ ಹತ್ತಿರ ನಂದಿಬಟ್ಟಲು ಇರಲಿ. ಗಾಢ ಹಸಿರು ಎಲೆ, ಅಚ್ಚ ಬಿಳಿ ಹೂ, ವರ್ಷದ ಹೆಚ್ಚು ದಿನ ಅರಳುತ್ತದೆ. ಶಂಕರಪುರ ಮಲ್ಲಿಗೆಗೆ ಬಿಸಿಲು ಬೀಳುವ ಜಾಗ ಇದ್ದರೆ ಇನ್ನೂ ಸಂತೋಷ, ದೇವರಿಗೂ ಆಯಿತು, ಮುಡಿಯಲೂ ಆಯಿತು. ಗೋಡೆಗೇ ಅಂಟಿ ಹಬ್ಬುವ ಬಳ್ಳಿ ಮಾತ್ರ ಕರಾವಳಿಯ ಮನೆಗೆ ಬೇಡ. ಅದರ ಬೇರು ತೇವವನ್ನು ಹಿಡಿದಿಡುತ್ತದೆ, ಕಿತ್ತಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಬಳ್ಳಿಯ ಆಸೆಯಿದ್ದರೆ ಗೋಡೆಯಿಂದ ಒಂದು ಅಡಿ ದೂರದಲ್ಲಿ ಚಪ್ಪರ ಹಾಕಿ ಹಬ್ಬಿಸಿ.

ಜಗಲಿಯ ದೀಪ ಹಳದಿ ಬೆಳಕಿನದೇ ಆಗಬೇಕು, ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ಬರೆದದ್ದು. 6500ರ ನೀಲಿಬಿಳಿ ಬೆಳಕಿನಲ್ಲಿ ಒಳ್ಳೆಯ ಕಂದೂ ಬೂದಿಯಾಗಿ ಕಾಣುತ್ತದೆ.

ಬಣ್ಣ ಬಳಿಸಲು ಚೌತಿಗೆ ಮುಂಚೆ ಅವಸರ ಮಾಡುವವರೇ ಹೆಚ್ಚು. ಹಬ್ಬದ ಹುರುಪು ನನಗೂ ಅರ್ಥವಾಗುತ್ತದೆ, ಆದರೆ ಆಗ ಗೋಡೆಯ ಹೊಟ್ಟೆಯೊಳಗೆ ಮಳೆಗಾಲದ ನೀರು ಇರುತ್ತದೆ. ದೀಪಾವಳಿ ಕಳೆದು ಒಂದು ತಿಂಗಳು ಬಿಸಿಲು ಕುಡಿಸಿ, ಡಿಸೆಂಬರಿನಿಂದ ಶಿವರಾತ್ರಿಯೊಳಗೆ ಮುಗಿಸಿ. ಹೊಸ ಗಿಲಾವಾದರೆ 28 ದಿನ ಕಳೆಯದೆ ಬಣ್ಣ ಮುಟ್ಟಿಸಬೇಡಿ. ಹಳೆಯ ಗೋಡೆಯ ಪಾಚಿಯನ್ನು ಬ್ಲೀಚಿಂಗ್ ಪೌಡರಿನ ನೀರು ಹಾಕಿ ಉಜ್ಜಿ ತೊಳೆದು, ಒಣಗಿಸಿ, ಪ್ರೈಮರ್ ಒಂದು ಕೈ, ಬಣ್ಣ ಎರಡು ಕೈ. ಪಾಚಿಯ ಮೇಲೇ ಬಳಿದರೆ ಮುಂದಿನ ಆಷಾಢದಲ್ಲಿ ಅದು ಬಣ್ಣವನ್ನು ತಳ್ಳಿಕೊಂಡು ಹೊರಬರುತ್ತದೆ.

ತಮ್ಮನ ಮಗಳು ಆ ವರ್ಷ ಉಪ್ಪರಿಗೆಗೆ ಮಾತ್ರ ಕೆನೆ ಬಣ್ಣ ಬಳಿಸಿ, ಬುಡಕ್ಕೆ ಕಾರಣೆ ಎಳೆಸಿದಳು. ಕೆಳಗಿನ ಕಂದನ್ನು ಮುಟ್ಟಲೇ ಇಲ್ಲ, ಖರ್ಚು ಅರ್ಧಕ್ಕೆ ನಿಂತಿತು. ಅವಳಿಗೆ ಕೊನೆಯದಾಗಿ ಹೇಳಿದ್ದು ಇಷ್ಟು. ಕಾರಣೆಯ ಬಣ್ಣದಲ್ಲಿ ಒಂದು ಲೀಟರ್ ಉಳಿಸಿ, ಮುಚ್ಚಳ ಬಿಗಿದು, ಅದರ ಮೇಲೆ ಬಣ್ಣದ ಸಂಖ್ಯೆ ಮತ್ತು ಬಳಿದ ತಿಂಗಳು ಬರೆದು ನೆರಳಿನಲ್ಲಿ ಇಡು. ಮಳೆ ಮುಗಿದ ಮೇಲೆ ಸವೆದ ಕಡೆ ಮಾತ್ರ ನೀನೇ ಕುಂಚ ಆಡಿಸಬಹುದು, ಒಂದು ಭಾನುವಾರದ ಬೆಳಗಿನ ಕೆಲಸ.